ಕಲಿತದ್ದು ತಿಳಿಯುವುದು ನಾಳೆ

ನಮ್ಮ ಯಾವ ಪ್ರೌಢಶಾಲೆಗೆ ಹೋದರೂ ಗಣಿತದ ಮೇಷ್ಟ್ರು ಮತ್ತು ದೈಹಿಕ ಶಿಕ್ಷಣದ ಮೇಷ್ಟ್ರು ಒಂದೇ ಕೊಠಡಿಯಲ್ಲಿ ಅಕ್ಕಪಕ್ಕ ಕುಳಿತಿರುತ್ತಾರೆ. ಒಬ್ಬರ ಕೆಲಸ ಕರಿಹಲಗೆಯ ಮುಂದೆ, ಇನ್ನೊಬ್ಬರದು ಬಯಲಿನಲ್ಲಿ. ಪಠ್ಯ ಮುಗಿದಿಲ್ಲ, ಆಟದ ಅವಧಿ ಬಿಟ್ಟುಕೊಡಿ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದುಂಟು. ಅದನ್ನು ಬಿಟ್ಟರೆ ಕಲಿಸುವ ಕೆಲಸದ ಬಗ್ಗೆ ಇಬ್ಬರೂ ಕೂತು ಮಾತಾಡುವ ಸಂದರ್ಭ ನಮ್ಮ ವ್ಯವಸ್ಥೆಯಲ್ಲಿ ಒದಗುವುದೇ ಅಪರೂಪ. ಇಬ್ಬರೂ ತರಬೇತಿ ಪಡೆದ ಕಾಲೇಜು ಬೇರೆ, ಓದಿದ ಪುಸ್ತಕ ಬೇರೆ. ಆದರೂ ದಿನವೆಲ್ಲ ಇಬ್ಬರೂ ಮಾಡಿಸುವುದು ಒಂದನ್ನೇ, ಅಭ್ಯಾಸವನ್ನು. ಹುಡುಗಿಯೊಬ್ಬಳು ಸಮೀಕರಣ ಬಿಡಿಸಲು ಕಲಿಯುವುದಕ್ಕೂ ವಾಲಿಬಾಲ್ ಸರ್ವ್ ಮಾಡಲು ಕಲಿಯುವುದಕ್ಕೂ ನಾವು ಅಂದುಕೊಂಡಷ್ಟು ಅಂತರವಿಲ್ಲ ಎಂಬುದನ್ನು ಕಳೆದ ನಾಲ್ಕೈದು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಅಭ್ಯಾಸ ಮಾಡಿಸುವಾಗ ಕೋಣೆಯೊಳಗಿನವರೂ ಬಯಲಿನವರೂ ಎಡವುವುದು ಒಂದೇ ಜಾಗದಲ್ಲಿ ಎಂಬುದನ್ನೂ ತೋರಿಸಿದೆ. ಆ ಜಾಗ ಯಾವುದು, ಎಡವದೆ ನಡೆಯುವುದು ಹೇಗೆ ಎಂಬುದೇ ಇವತ್ತಿನ ಮಾತಿನ ವಿಷಯ.

ಎರಡು ಸಾಮಾನ್ಯ ಸನ್ನಿವೇಶಗಳನ್ನು ನೋಡೋಣ. ತರಗತಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣಗಳನ್ನು ಬಿಡಿಸುವ ಒಂದು ವಿಧಾನವನ್ನು ಹೇಳಿಕೊಟ್ಟಾಗಿದೆ. ಮೇಷ್ಟ್ರು ಎರಡು ಲೆಕ್ಕ ಮಾಡಿ ತೋರಿಸುತ್ತಾರೆ, ಮಕ್ಕಳು ಅದೇ ಬಗೆಯ ಹತ್ತು ಲೆಕ್ಕ ಮಾಡುತ್ತಾರೆ. ಮೊದಲೆರಡು ತಪ್ಪಾಗುತ್ತವೆ, ಐದನೆಯದು ಸಲೀಸಾಗುತ್ತದೆ, ಹತ್ತನೆಯ ಹೊತ್ತಿಗೆ ಇಡೀ ತರಗತಿಗೆ ಉತ್ತರ ಬಂದಿರುತ್ತದೆ. ಅತ್ತ ಕ್ರಿಕೆಟ್ ನೆಟ್ಸ್‌ನಲ್ಲಿ ತರಬೇತುದಾರರು ಒಂದೇ ಅಳತೆಗೆ, ಒಂದೇ ಜಾಗಕ್ಕೆ ಚೆಂಡು ಹಾಕುತ್ತಾ ಹುಡುಗನಿಂದ ಡ್ರೈವ್ ಹೊಡೆಸುತ್ತಿದ್ದಾರೆ. ಮೂವತ್ತನೆಯ ಚೆಂಡಿಗೆ ಬ್ಯಾಟಿನ ನಡುಭಾಗದಿಂದ ಬರುವ ಸದ್ದೇ ಬೇರೆ. ಇಬ್ಬರಿಗೂ ತೃಪ್ತಿಯಾಗುತ್ತದೆ, ಪಾಠ ಹತ್ತಿತು ಎನ್ನಿಸುತ್ತದೆ. ಮೂರು ವಾರದ ನಂತರ ಘಟಕ ಪರೀಕ್ಷೆಯಲ್ಲಿ ಅದೇ ಲೆಕ್ಕಕ್ಕೆ ಅರ್ಧ ತರಗತಿ ತಡವರಿಸುತ್ತದೆ. ಪಂದ್ಯದಲ್ಲಿ ಹುಡುಗ ಡ್ರೈವ್ ಮಾಡಬಾರದ ಚೆಂಡಿಗೆ ಡ್ರೈವ್ ಮಾಡಿ ಔಟಾಗುತ್ತಾನೆ. ಆಗ ನಾವು ಮಕ್ಕಳ ಗಮನ ಸಾಲದು, ಶ್ರದ್ಧೆ ಸಾಲದು ಎನ್ನುತ್ತೇವೆ. ದೋಷ ಅಲ್ಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಕಂಡ ಸರಾಗವನ್ನೇ ನಾವು ಕಲಿಕೆ ಎಂದು ಎಣಿಸಿದ್ದೆವು, ದೋಷ ಆ ಎಣಿಕೆಯದು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಬ್ಯೋರ್ಕ್ ದಶಕಗಳಿಂದ ಒತ್ತಿ ಹೇಳುತ್ತಿರುವುದು ಇದನ್ನೇ. ಈ ಗಳಿಗೆಯಲ್ಲಿ ಮಾಡಿ ತೋರಿಸುವುದು ಒಂದು, ಉಳಿಯುವಂತೆ ಕಲಿಯುವುದು ಇನ್ನೊಂದು. ಮೊದಲನೆಯದನ್ನು ಬೇಗ ಹೆಚ್ಚಿಸುವ ಏರ್ಪಾಡು ಎಷ್ಟೋ ಸಲ ಎರಡನೆಯದನ್ನು ಕುಂದಿಸುತ್ತದೆ. ಅಭ್ಯಾಸವನ್ನು ಕೊಂಚ ಕಷ್ಟಗೊಳಿಸುವ ಏರ್ಪಾಡು ಆ ದಿನ ತಪ್ಪುಗಳನ್ನು ಹೆಚ್ಚಿಸಿದರೂ ಕಲಿಕೆಯನ್ನು ಗಟ್ಟಿಮಾಡುತ್ತದೆ.

ಇದು ಬರಿಯ ಅಭಿಪ್ರಾಯವಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೆ ಒಂದು ಪ್ರಯೋಗ ನಡೆಯಿತು. ಬೇಸ್‌ಬಾಲ್‌ನಲ್ಲಿ ಎಸೆತಗಾರ ಮುಖ್ಯವಾಗಿ ಮೂರು ಬಗೆಯಲ್ಲಿ ಚೆಂಡು ಎಸೆಯುತ್ತಾನೆ: ನೇರ ವೇಗದ ಎಸೆತ, ಗಾಳಿಯಲ್ಲಿ ಬಾಗುವ ಎಸೆತ, ವೇಗದ ಎಸೆತದಂತೆ ತೋರಿ ನಿಧಾನವಾಗಿ ಬರುವ ಎಸೆತ. ಮಾಮೂಲಿ ಅಭ್ಯಾಸದ ಜೊತೆಗೆ ಆರು ವಾರ, ವಾರಕ್ಕೆ ಎರಡು ಸಲ, ಆಟಗಾರರಿಗೆ 45 ಎಸೆತಗಳ ಹೆಚ್ಚಿನ ಅಭ್ಯಾಸ ಕೊಡಲಾಯಿತು. ಒಂದು ಗುಂಪಿಗೆ ಒಂದು ಬಗೆಯ 15 ಎಸೆತ, ಅದು ಮುಗಿದ ಮೇಲೆ ಇನ್ನೊಂದು ಬಗೆಯ 15, ಆಮೇಲೆ ಮೂರನೆಯ ಬಗೆಯ 15. ಇನ್ನೊಂದು ಗುಂಪಿಗೆ ಅವೇ 45 ಎಸೆತಗಳನ್ನು, ಮುಂದಿನದು ಯಾವುದೆಂದು ತಿಳಿಯದಂತೆ ಕಲಸಿ ಹಾಕಿದರು. ಅಭ್ಯಾಸದ ದಿನಗಳಲ್ಲಿ ಸಲೀಸಾಗಿ ಹೊಡೆಯುತ್ತಿದ್ದವರು ಮೊದಲ ಗುಂಪಿನವರು. ಎರಡನೆಯವರು ತಡವರಿಸುತ್ತಿದ್ದರು. ಕೊನೆಗೆ, ಪಂದ್ಯದಲ್ಲಿ ನಡೆಯುವಂತೆಯೇ ಯಾವ ಎಸೆತ ಬರುವುದೆಂದು ಹೇಳದೆ ಪರೀಕ್ಷೆ ಮಾಡಿದಾಗ, ಬಗೆ ಬಗೆಯಾಗಿ ಬೇರ್ಪಡಿಸಿ ಅಭ್ಯಾಸ ಮಾಡಿದವರ ಹೊಡೆತ ಮೊದಲಿಗಿಂತ ಶೇಕಡಾ 25ರಷ್ಟು ಸುಧಾರಿಸಿತ್ತು, ಕಲಸಿದ ಎಸೆತಗಳನ್ನು ಎದುರಿಸಿದವರದು ಶೇಕಡಾ 57ರಷ್ಟು. ಹೆಚ್ಚಿನ ಅಭ್ಯಾಸವೇ ಇಲ್ಲದವರ ಸುಧಾರಣೆ ಶೇಕಡಾ 6ರ ಹತ್ತಿರವಿತ್ತು. ಎರಡೂ ಗುಂಪುಗಳಿಗೆ ಸಿಕ್ಕ ಎಸೆತಗಳ ಸಂಖ್ಯೆ ಒಂದೇ, ಬಗೆಗಳೂ ಅವೇ. ಬದಲಾದದ್ದು ಅವು ಬಂದ ಅನುಕ್ರಮವಷ್ಟೇ.

ಈಗ ಬಯಲಿನಿಂದ ತರಗತಿಯೊಳಕ್ಕೆ ಬರೋಣ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು ಫ್ಲಾರಿಡಾದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅಪರೂಪದ ನಾಲ್ಕು ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಕೆಲವರು ಒಂದೊಂದು ಆಕೃತಿಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದರು, ಉಳಿದವರು ನಾಲ್ಕನ್ನೂ ಬೆರೆಸಿ ಮಾಡಿದರು. ಅಭ್ಯಾಸದ ಹೊತ್ತಿನಲ್ಲಿ ಬೇರ್ಪಡಿಸಿ ಮಾಡಿದವರ ಉತ್ತರಗಳಲ್ಲಿ ಶೇಕಡಾ 89 ಸರಿ, ಬೆರೆಸಿ ಮಾಡಿದವರದು ಶೇಕಡಾ 60 ಸರಿ. ಅಲ್ಲಿಗೇ ನಿಲ್ಲಿಸಿದ್ದರೆ ಯಾವ ಶಿಕ್ಷಕರಾದರೂ ಮೊದಲ ಕ್ರಮವನ್ನೇ ಮೆಚ್ಚುತ್ತಿದ್ದರು. ಒಂದು ವಾರದ ನಂತರ ಪರೀಕ್ಷೆ ಕೊಟ್ಟಾಗ ಚಿತ್ರ ತಿರುವುಮುರುವಾಗಿತ್ತು. ಶೇಕಡಾ 89 ಪಡೆದಿದ್ದವರು 20ಕ್ಕೆ ಇಳಿದಿದ್ದರು, ಶೇಕಡಾ 60 ಪಡೆದಿದ್ದವರು 63ರಲ್ಲಿ ನಿಂತಿದ್ದರು. ಇದು ಕಾಲೇಜಿನ ಸಣ್ಣ ಪ್ರಯೋಗ, ನಿಜವಾದ ಶಾಲೆಯಲ್ಲಿ ನಡೆದೀತೇ ಎಂದು ಕೇಳುವವರಿಗೂ ಉತ್ತರವಿದೆ. 2020ರಲ್ಲಿ ಪ್ರಕಟವಾದ ರೋರರ್ ತಂಡದ ಇನ್ನೊಂದು ಅಧ್ಯಯನ ಫ್ಲಾರಿಡಾದ ಶಾಲೆಗಳ ಏಳನೇ ತರಗತಿಯ 54 ವಿಭಾಗಗಳಲ್ಲಿ, 787 ಮಕ್ಕಳ ಮೇಲೆ ನಡೆಯಿತು. ಪಾಠ ಮಾಡಿದವರು ಆ ಮಕ್ಕಳ ಶಿಕ್ಷಕರೇ. ಕೆಲವು ತಿಂಗಳ ಕಾಲ ಒಂದಷ್ಟು ತರಗತಿಗಳು ಬೆರೆಸಿದ ಲೆಕ್ಕಗಳನ್ನೂ ಉಳಿದವು ಒಂದೊಂದೇ ಬಗೆಯ ಲೆಕ್ಕಗಳನ್ನೂ ಮಾಡಿದವು. ಒಂದು ತಿಂಗಳ ನಂತರ ಮುನ್ಸೂಚನೆ ಕೊಡದೆ ನಡೆಸಿದ ಪರೀಕ್ಷೆಯಲ್ಲಿ ಬೆರೆಸಿ ಕಲಿತ ಮಕ್ಕಳ ಸರಾಸರಿ ಶೇಕಡಾ 61, ಉಳಿದವರದು 38.

ಹೀಗೇಕೆ ಆಗುತ್ತದೆ? ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಸಾಲಾಗಿ ಮಾಡುವ ಮಗು ಎರಡನೆಯ ಲೆಕ್ಕದಿಂದ ಮುಂದಕ್ಕೆ ಒಂದು ಮುಖ್ಯ ಕೆಲಸವನ್ನೇ ಬಿಟ್ಟುಬಿಡುತ್ತದೆ. ಇದು ಯಾವ ಜಾತಿಯ ಲೆಕ್ಕ, ಯಾವ ಸೂತ್ರ ಹಾಕಬೇಕು ಎಂಬ ನಿರ್ಧಾರವೇ ಆ ಕೆಲಸ. ಅಧ್ಯಾಯದ ತಲೆಬರಹವೇ ಅದನ್ನು ಹೇಳಿಬಿಟ್ಟಿದೆ. ನಮ್ಮ ಪಠ್ಯಪುಸ್ತಕಗಳ ಅಭ್ಯಾಸ ಲೆಕ್ಕಗಳು ಬಹುಮಟ್ಟಿಗೆ ಇರುವುದು ಹೀಗೇ. ಅಧ್ಯಾಯ ಮುಗಿದೊಡನೆ ಆ ಅಧ್ಯಾಯದ್ದೇ ಲೆಕ್ಕ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಯಾವ ಪ್ರಶ್ನೆಯ ನೆತ್ತಿಯ ಮೇಲೂ ಅಧ್ಯಾಯದ ಹೆಸರಿರುವುದಿಲ್ಲ. ವರ್ಷವಿಡೀ ಲೆಕ್ಕ ಬಿಡಿಸಿದ ಮಗು ಲೆಕ್ಕವನ್ನು ಗುರುತಿಸುವ ಕೆಲಸವನ್ನು ಮೊದಲ ಸಲ ಮಾಡುವುದು ಪರೀಕ್ಷೆಯ ಕೊಠಡಿಯಲ್ಲಿ. ನೆಟ್ಸ್‌ನಲ್ಲೂ ಇದೇ ಆಗುತ್ತದೆ. ಒಂದೇ ಜಾಗಕ್ಕೆ ಬೀಳುವ ಚೆಂಡನ್ನು ಹೊಡೆಯುವವನು ಹೊಡೆತವನ್ನು ಕಲಿಯುತ್ತಾನೆ, ಚೆಂಡನ್ನು ಓದುವುದನ್ನು ಕಲಿಯುವುದಿಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೆಳೆಯುತ್ತಿರುವ ಕ್ರಿಕೆಟಿಗರನ್ನು ಬೌಲಿಂಗ್ ಯಂತ್ರದ ಎದುರಿಗೂ ನಿಜವಾದ ಬೌಲರ್ ಎದುರಿಗೂ ನಿಲ್ಲಿಸಿ ನೋಡಿತು. ಬ್ಯಾಟು ಎತ್ತುವ, ಮುಂಗಾಲು ಇಡುವ ಸಮಯವೇ ಎರಡು ಕಡೆಯೂ ಬೇರೆಯಾಗಿತ್ತು. ಬೌಲರನ ಓಟ, ತೋಳು, ಮಣಿಕಟ್ಟುಗಳಿಂದ ಬ್ಯಾಟುಗಾರನಿಗೆ ಸಿಗುವ ಮುನ್ಸೂಚನೆ ಯಂತ್ರದಿಂದ ಸಿಗುವುದಿಲ್ಲ. ಅಭ್ಯಾಸದಿಂದ ಆಯ್ಕೆಯನ್ನೂ ಗುರುತಿಸುವಿಕೆಯನ್ನೂ ತೆಗೆದುಬಿಟ್ಟರೆ ಉಳಿಯುವುದು ಕೌಶಲದ ಅರ್ಧಭಾಗ ಮಾತ್ರ. ಪಂದ್ಯದಲ್ಲಿ, ಪರೀಕ್ಷೆಯಲ್ಲಿ, ಬದುಕಿನಲ್ಲಿ ಸೋಲುಗೆಲುವನ್ನು ತೀರ್ಮಾನಿಸುವುದು ಹೆಚ್ಚಾಗಿ ಇನ್ನರ್ಧ.

ಬೆರೆಸುವುದರ ಜೊತೆಗೆ ಇನ್ನೊಂದು ಮಾತು ಸೇರಬೇಕು, ಅಭ್ಯಾಸಗಳ ನಡುವೆ ಬಿಡುವು. ಇದು ಬಹಳ ಹಳೆಯ ಶೋಧ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲಿ ನೆನಪಿನ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ಪಡೆದ ಫಲಿತಾಂಶಗಳನ್ನು ದಾಖಲಿಸಿದರು. ಒಂದೇ ದಿನ 68 ಬಾರಿ ಒಪ್ಪಿಸಿದ್ದರಿಂದ ಸಿಕ್ಕ ಫಲ, ಮೂರು ದಿನಗಳಲ್ಲಿ ಹರಡಿ 38 ಬಾರಿ ಒಪ್ಪಿಸಿದ್ದರಿಂದಲೇ ಸಿಕ್ಕಿತ್ತು. ಹೆಚ್ಚುಕಡಿಮೆ ಅರ್ಧ ಶ್ರಮ ಉಳಿತಾಯ. 1978ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್‌ಲಿ ಮತ್ತು ಲಾಂಗ್‌ಮನ್ ಎಂಬವರು ಅಂಚೆ ನೌಕರರಿಗೆ ಕೀಲಿಮಣೆ ಕಲಿಸುವ ಬಗ್ಗೆ ಮಾಡಿದ ಅಧ್ಯಯನ ಇನ್ನೂ ಹೆಚ್ಚು ಬೋಧಪ್ರದ. ದಿನಕ್ಕೆ ಒಂದೇ ಗಂಟೆ ಕಲಿತವರು ಸುಮಾರು 55 ಗಂಟೆಗಳಲ್ಲಿ ಪಡೆದ ಪರಿಣತಿಯನ್ನು, ದಿನಕ್ಕೆ ನಾಲ್ಕು ಗಂಟೆ ಕಲಿತವರು ಪಡೆಯಲು ಸುಮಾರು 80 ಗಂಟೆ ಬೇಕಾಯಿತು. ಆದರೆ ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ಸಮಾಧಾನವಿದ್ದುದು ಆ ಒಂದು ಗಂಟೆಯ ಗುಂಪಿಗೇ. ಉಳಿದವರಿಗಿಂತ ತಾವು ಹಿಂದೆ ಬಿದ್ದಿದ್ದೇವೆ ಎಂದು ಅವರಿಗೆ ಅನ್ನಿಸುತ್ತಿತ್ತು. ಒಳ್ಳೆಯ ಅಭ್ಯಾಸ ಮಾಡುವವರಿಗೆ ಅದು ಒಳ್ಳೆಯದೆಂದು ಅನ್ನಿಸಲೇಬೇಕಾಗಿಲ್ಲ. ಶಿಕ್ಷಕರೂ ತರಬೇತುದಾರರೂ ಮೊದಲು ಮನಗಾಣಬೇಕಾದ ಸಂಗತಿ ಇದು. ವಿದ್ಯಾರ್ಥಿಯ ಸಮಾಧಾನವನ್ನೋ ತಮ್ಮ ಸಮಾಧಾನವನ್ನೋ ಅಳತೆಗೋಲು ಮಾಡಿಕೊಂಡರೆ ಅವರು ಪ್ರಾಮಾಣಿಕವಾಗಿಯೇ ತಪ್ಪು ದಾರಿ ಹಿಡಿಯುತ್ತಾರೆ.

ಮೂರನೆಯ ಮಾತು, ನೋಡದೆ ನೆನಪಿಸಿಕೊಳ್ಳುವುದು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ, ಶೇಕಡಾ 81ಕ್ಕೆ 75. ಒಂದು ವಾರದ ನಂತರ ಕೇಳಿದಾಗ ಮತ್ತೆ ಓದಿದವರಿಗೆ ಶೇಕಡಾ 42 ನೆನಪಿತ್ತು, ಮುಚ್ಚಿ ಬರೆದವರಿಗೆ 56. ನೆನಪಿನಿಂದ ಹೆಕ್ಕಿ ತೆಗೆಯುವ ಪ್ರಯತ್ನವೇ ನೆನಪನ್ನು ಬಲಪಡಿಸುತ್ತದೆ. ನಮ್ಮ ಮಗ್ಗಿಯ ವಿಚಾರದಲ್ಲಿ ಇದನ್ನು ಸುಲಭವಾಗಿ ಕಾಣಬಹುದು. ಏಳರ ಮಗ್ಗಿಯನ್ನು ರಾಗವಾಗಿ ಒಪ್ಪಿಸುವ ಮಗುವನ್ನು ಥಟ್ಟನೆ ಏಳೆಂಟ್ಲ ಎಷ್ಟು ಎಂದು ಕೇಳಿದರೆ, ಎಷ್ಟೋ ಸಲ ಅದು ಏಳೊಂದ್ಲ ಏಳರಿಂದ ಶುರುಮಾಡಿ ಮೆಟ್ಟಿಲು ಹತ್ತಿ ಬರಬೇಕಾಗುತ್ತದೆ. ಮಗ್ಗಿಯ ಸಾಲು ಬಂದಿದೆ, ಗುಣಾಕಾರ ಇನ್ನೂ ಬಂದಿಲ್ಲ. ಇದಕ್ಕಾಗಿ ಮಗ್ಗಿಯನ್ನೇ ಬಿಡಬೇಕಾಗಿಲ್ಲ. ಒಪ್ಪಿಸಿದ ಮೇಲೆ ನಡುವಿನಿಂದ, ಹಿಂದುಮುಂದಾಗಿ, ಬೇರೆ ಮಗ್ಗಿಗಳ ಜೊತೆ ಬೆರೆಸಿ ಕೇಳುವ ಎರಡು ನಿಮಿಷವನ್ನು ಸೇರಿಸಿದರೆ ಸಾಕು.

ಈ ಮೂರಕ್ಕೂ ಸಂಬಂಧಿಸಿದ್ದು ತಿದ್ದುವ ಕ್ರಮ. ಪ್ರತಿ ಪ್ರಯತ್ನವನ್ನೂ ಆ ಕ್ಷಣವೇ ತಿದ್ದಿದರೆ ಕಲಿಕೆ ಬೇಗ ಆಗುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. 1990ರಲ್ಲಿ ಕ್ಯಾರೊಲೀ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ ತೋಳಿನ ಚಲನೆಯೊಂದನ್ನು ಕಲಿಸುತ್ತಾ, ಕೆಲವರಿಗೆ ಪ್ರತಿ ಪ್ರಯತ್ನದ ಫಲವನ್ನೂ ಇನ್ನು ಕೆಲವರಿಗೆ ಅರ್ಧದಷ್ಟು ಪ್ರಯತ್ನಗಳ ಫಲವನ್ನು ಮಾತ್ರವೂ ತಿಳಿಸಿದರು. ಮರುದಿನ ಯಾವ ಸೂಚನೆಯೂ ಇಲ್ಲದೆ ಮಾಡಿಸಿದಾಗ ಕಡಿಮೆ ಸೂಚನೆ ಪಡೆದವರೇ ಮೇಲಾಗಿದ್ದರು. ಸದಾ ಹೊರಗಿನಿಂದ ತಿದ್ದುಪಡಿ ಬರುತ್ತಿದ್ದರೆ ಕಲಿಯುವವನು ತನ್ನ ತಪ್ಪನ್ನು ತಾನೇ ಗುರುತಿಸುವ ಶಕ್ತಿಯನ್ನು ಬೆಳೆಸಿಕೊಳ್ಳುವುದಿಲ್ಲ. ಹಾಗೆಂದು ತಿದ್ದುವುದು ಬೇಡ ಎಂದು ಅರ್ಥವಲ್ಲ. ತಿದ್ದುವ ಮಾತು ಹೇಗಿರಬೇಕು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಮಾಡಿದ ಜಾನ್ ವುಡನ್ ಮೊದಲು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವರು. ಅವರ ಕೊನೆಯ ಋತುವಾದ 1974-75ರಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಮನೋವಿಜ್ಞಾನಿಗಳು 15 ಅಭ್ಯಾಸಗಳನ್ನು ಕೂತು ನೋಡಿ, ಅವರ ಬೋಧನೆಯ 2,326 ತುಣುಕುಗಳನ್ನು ವರ್ಗೀಕರಿಸಿದರು. ಮುಕ್ಕಾಲು ಪಾಲು ಮಾತುಗಳಲ್ಲಿ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ವಿವರವಿತ್ತು. ಬರಿಯ ಹೊಗಳಿಕೆಯ ಪಾಲು ಶೇಕಡಾ 7ರ ಆಸುಪಾಸು, ಬರಿಯ ಬೈಗುಳದ್ದೂ ಅಷ್ಟೇ. ತಪ್ಪಾದಾಗ ಅವರು ಸರಿಯಾದದ್ದನ್ನು ಮಾಡಿ ತೋರಿಸುತ್ತಿದ್ದರು, ಆಟಗಾರ ಮಾಡಿದ್ದನ್ನು ಅನುಕರಿಸುತ್ತಿದ್ದರು, ಮತ್ತೆ ಸರಿಯಾದದ್ದನ್ನು ತೋರಿಸುತ್ತಿದ್ದರು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿದು ಆಟ ಮುಂದುವರಿಯುತ್ತಿತ್ತು. ಆ ಚುಟುಕು ಮಾತಿನ ಹಿಂದೆ ದಿನವೂ ಬೆಳಿಗ್ಗೆ ಕೂತು ಅಭ್ಯಾಸದ ನಿಮಿಷ ನಿಮಿಷವನ್ನೂ ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳುವ ಸಿದ್ಧತೆಯಿತ್ತು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲ ಅನುಭವಿ ಶಿಕ್ಷಕರೂ ಎತ್ತುವಂಥದು: ಏನೂ ಬಾರದ ಮಗುವಿನ ಮುಂದೆ ಎಲ್ಲವನ್ನೂ ಕಲಸಿ ಇಟ್ಟರೆ ಅದು ಕಂಗಾಲಾಗುವುದಿಲ್ಲವೇ? ಆಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ, ಸಂಶೋಧಕರೂ ಅದನ್ನು ಒಪ್ಪುತ್ತಾರೆ. ಹೊಸ ವಿಷಯದ ಆರಂಭದಲ್ಲಿ ಬಿಡಿಸಿದ ಉದಾಹರಣೆಗಳನ್ನು ನೋಡುವುದು, ಒಂದೇ ಬಗೆಯದನ್ನು ನಾಲ್ಕಾರು ಸಲ ಮಾಡುವುದು ಅಗತ್ಯ. ಮಾರ್ಕ್ ಗ್ವಾಡನೋಲಿ ಮತ್ತು ಟಿಮೊಥಿ ಲೀ 2004ರಲ್ಲಿ ಮಂಡಿಸಿದ ವಿಚಾರವೂ ಇದೇ. ಕಲಿಯುವವರ ಮಟ್ಟಕ್ಕೆ ತಕ್ಕಷ್ಟೇ ಸವಾಲು ಇರಬೇಕು, ಕಡಿಮೆಯಾದರೆ ಕಲಿಯಲು ಏನೂ ಉಳಿಯುವುದಿಲ್ಲ, ಮಿತಿಮೀರಿದರೆ ಏನೂ ತಲೆಗೆ ಹೋಗುವುದಿಲ್ಲ. ಆದರೆ ನಮ್ಮ ತರಗತಿಗಳಲ್ಲೂ ಮೈದಾನಗಳಲ್ಲೂ ನಡೆಯುತ್ತಿರುವ ಲೋಪ ಆರಂಭದ ಸುಲಭ ಅಭ್ಯಾಸದ್ದಲ್ಲ, ಅಲ್ಲೇ ನಿಂತುಬಿಡುವುದು. ಮೊದಲ ದಿನಕ್ಕೆ ಹೇಳಿ ಮಾಡಿಸಿದ ಏರ್ಪಾಡು ವರ್ಷದ ಕೊನೆಯವರೆಗೂ ಮುಂದುವರಿಯುತ್ತದೆ. ಹೊಸಬರಿಗೆ ಬೆರೆಸಿದ ಅಭ್ಯಾಸ ಒಗ್ಗುವುದೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. 1986ರಲ್ಲಿ ಸಿನಾ ಗೂಡ್ ಮತ್ತು ರಿಚರ್ಡ್ ಮೆಗಿಲ್ ಬ್ಯಾಡ್ಮಿಂಟನ್ ಆಗಷ್ಟೇ ಕಲಿಯುತ್ತಿದ್ದ ಯುವತಿಯರಿಗೆ ಮೂರು ಬಗೆಯ ಸರ್ವ್ ಕಲಿಸಿದಾಗ, ಮೂರನ್ನೂ ಬೆರೆಸಿ ಅಭ್ಯಾಸ ಮಾಡಿದವರೇ ಕೊನೆಯಲ್ಲಿ ಮುಂದಿದ್ದರು. ಅಂಕಣದ ಇನ್ನೊಂದು ಬದಿಯಿಂದ ಸರ್ವ್ ಮಾಡುವಾಗಲೂ ಅವರೇ ಮೇಲಾಗಿದ್ದರು.

ಎರಡನೆಯ ಆಕ್ಷೇಪ ನಮ್ಮ ಪರಂಪರೆಯದು. ಸಂಗೀತವಾಗಲಿ ವೇದಪಾಠವಾಗಲಿ, ನಮ್ಮಲ್ಲಿ ವಿದ್ಯೆ ಉಳಿದದ್ದೇ ಒಂದನ್ನೇ ಸಾವಿರ ಸಲ ಮಾಡಿ, ಈಗ ಅದನ್ನು ತಪ್ಪೆನ್ನುವುದೇ ಎಂದು ಹಿರಿಯರು ಕೇಳಬಹುದು. ಹತ್ತಿರದಿಂದ ನೋಡಿದರೆ ಆ ಪರಂಪರೆ ನನ್ನ ವಾದಕ್ಕೇ ಬೆಂಬಲವಾಗಿ ನಿಲ್ಲುತ್ತದೆ. ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು ರೂಪಿಸಿದವರು ಪುರಂದರದಾಸರು ಎಂಬುದು ಸಂಪ್ರದಾಯದ ನಂಬಿಕೆ. ಅಲ್ಲಿ ಸರಳೆ ವರಸೆಯನ್ನು ಒಂದೇ ವೇಗದಲ್ಲಿ ಸಾವಿರ ಸಲ ಹಾಡಿಸುವುದಿಲ್ಲ, ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ತಾಳ ಕೈಯಲ್ಲಿ ಒಂದೇ ನಡೆಯಲ್ಲಿ ಸಾಗುತ್ತಿದ್ದರೂ ಸ್ವರಗಳು ಇಮ್ಮಡಿ, ನಾಲ್ಮಡಿಯಾಗುತ್ತವೆ. ಅಲಂಕಾರಗಳಿಗೆ ಬಂದರೆ ಏಳು ತಾಳಗಳ ಲೆಕ್ಕ ಒಂದೊಂದಾಗಿ ಬದಲಾಗುತ್ತದೆ. ವೇದಪಾಠದಲ್ಲಿ ಪದ, ಕ್ರಮ, ಜಟೆ, ಘನ ಎಂದು ಅವೇ ಪದಗಳನ್ನು ಬೇರೆ ಬೇರೆ ಅನುಕ್ರಮದಲ್ಲಿ, ಹಿಂದುಮುಂದಾಗಿ ಹೆಣೆದು ಹೇಳಿಸುತ್ತಾರೆ. ಪಾಠ ಒಂದಕ್ಷರವೂ ಕೆಡದಂತೆ ಕಾಯುವುದು ಅದರ ಉದ್ದೇಶ. ಅದಕ್ಕಾಗಿ ಕಂಡುಕೊಂಡ ಉಪಾಯ ಬರಿಯ ಪುನರಾವರ್ತನೆಯಲ್ಲ, ಪ್ರತಿ ಸಲವೂ ಎಚ್ಚರವನ್ನು ಬೇಡುವ ಪುನರಾವರ್ತನೆ. ಪುಸ್ತಕ ನೋಡಿಕೊಂಡು ಹೇಳಿದರೆ ಅಲ್ಲಿ ನಡೆಯುವುದೂ ಇಲ್ಲ. ಪರಂಪರೆಯಿಂದ ನಾವು ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ವೈವಿಧ್ಯವನ್ನೂ ಎಚ್ಚರವನ್ನೂ ಬಿಟ್ಟುಬಂದಿದ್ದೇವೆ.

ಮೂರನೆಯದು ವಿಜ್ಞಾನ ಬಲ್ಲವರ ಆಕ್ಷೇಪ. ಪ್ರಯೋಗಾಲಯದ ಸರಳ ಚಲನೆಗಳಲ್ಲಿ ಎದ್ದು ಕಂಡ ಫಲ ನಿಜವಾದ ಆಟದ ಅಂಗಳದಲ್ಲಿ ಅಷ್ಟೇ ಸ್ಪಷ್ಟವಾಗಿ ಕಂಡಿಲ್ಲ, ಚಿಕ್ಕ ಮಕ್ಕಳಲ್ಲಿ ಇನ್ನೂ ಕಡಿಮೆ ಎನ್ನುತ್ತಾರೆ. ಇದು ಸರಿ, ಇದನ್ನು ಮರೆಮಾಚಬಾರದು. ಬೆರೆಸಿದ ಅಭ್ಯಾಸ ಎಲ್ಲರಿಗೂ ಎಲ್ಲ ಆಟಕ್ಕೂ ಒಂದೇ ಪ್ರಮಾಣದಲ್ಲಿ ಕೊಡಬಹುದಾದ ಮದ್ದಲ್ಲ. ಆದರೆ ಬಿಡುವು ಕೊಟ್ಟು ಕಲಿಯುವುದು, ನೋಡದೆ ನೆನಪಿಸಿಕೊಳ್ಳುವುದು ಇವೆರಡರ ಸಾಕ್ಷ್ಯ ನೂರಾರು ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಂತಿದೆ. ಗಣಿತದಲ್ಲಿ ಬೆರೆಸುವುದರ ಲಾಭಕ್ಕೆ ನಿಜವಾದ ಶಾಲೆಗಳ ಸಾಕ್ಷ್ಯವನ್ನೇ ನೋಡಿದೆವು. ಆಟದಲ್ಲಿ ಎಷ್ಟು ಬೆರೆಸಬೇಕು, ಯಾವಾಗಿನಿಂದ ಎಂಬುದನ್ನು ತರಬೇತುದಾರರೇ ತಮ್ಮ ಮಕ್ಕಳನ್ನು ನೋಡಿ ತೀರ್ಮಾನಿಸಬೇಕು. ಇದರ ಬೆನ್ನಿಗೇ ಪ್ರತಿಭೆಯ ಮಾತು ಬರುತ್ತದೆ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹತ್ತು ಸಾವಿರ ಗಂಟೆಯ ಮಾತು ಲೋಕಪ್ರಸಿದ್ಧವಾಯಿತು. ಅಷ್ಟು ಗಂಟೆ ದುಡಿದರೆ ಯಾರು ಬೇಕಾದರೂ ಪರಿಣತರಾಗಬಹುದು ಎಂಬ ಕಲ್ಪನೆಯೂ ಹರಡಿತು. 2014ರಲ್ಲಿ ಬ್ರೂಕ್ ಮ್ಯಾಕ್ನಮಾರ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದ ಪ್ರಮಾಣದಿಂದ ವಿವರಿಸಬಹುದಾದ ಪಾಲು ಸಂಗೀತದಲ್ಲಿ ಶೇಕಡಾ 21, ಕ್ರೀಡೆಯಲ್ಲಿ 18, ಶಿಕ್ಷಣದಲ್ಲಿ ಕೇವಲ 4. ಹಾಗಾದರೆ ಅಭ್ಯಾಸ ವ್ಯರ್ಥ, ಹುಟ್ಟಿನಿಂದ ಬಂದದ್ದೇ ಎಲ್ಲ ಎಂದು ತೀರ್ಮಾನಿಸುವುದು ಅವಸರದ ಮಾತು. ಗಂಟೆಗಳನ್ನು ಎಣಿಸಿ ಕೂಡಿಸಿದರೆ ಸಾಲದು ಎಂಬುದನ್ನೇ ಈ ಅಂಕಿಗಳು ಹೇಳುತ್ತವೆ. ಮಗುವಿನ ಹುಟ್ಟುಗುಣ ಶಿಕ್ಷಕರ ಕೈಯಲ್ಲಿಲ್ಲ, ದಿನದ ಗಂಟೆಗಳೂ ಅವರ ಕೈಯಲ್ಲಿಲ್ಲ. ಸಿಕ್ಕ ಗಂಟೆಯನ್ನು ಹೇಗೆ ಜೋಡಿಸುವುದೆಂಬುದು ಅವರ ಕೈಯಲ್ಲಿದೆ.

ನಾಲ್ಕನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ಕಷ್ಟದ ಅಭ್ಯಾಸದಲ್ಲಿ ತಪ್ಪುಗಳು ಹೆಚ್ಚುತ್ತವೆ, ತಪ್ಪು ಹೆಚ್ಚಿದರೆ ಹಿಂದುಳಿದ ಮಗು ಎದೆಗುಂದುತ್ತದೆ. ಉತ್ತರ ತಪ್ಪಿದವರನ್ನು ಎಲ್ಲರೆದುರು ಹಂಗಿಸುವ ತರಗತಿಯಲ್ಲಿ, ಕ್ಯಾಚ್ ಬಿಟ್ಟವರಿಗೆ ಮೈದಾನದ ಸುತ್ತ ಓಡುವ ಶಿಕ್ಷೆ ಕೊಡುವ ಶಿಬಿರದಲ್ಲಿ ಈ ಭಯ ಖಂಡಿತ ನಿಜ. ಅಂಥ ಕಡೆ ಮಕ್ಕಳು ಸುಲಭದ್ದನ್ನೇ ಆರಿಸಿಕೊಳ್ಳುತ್ತಾರೆ, ಗೊತ್ತಿಲ್ಲದ್ದನ್ನು ಬಚ್ಚಿಡುತ್ತಾರೆ. ಆದ್ದರಿಂದ ಅಭ್ಯಾಸದ ಕ್ರಮವನ್ನು ಬದಲಿಸುವ ಮೊದಲು ತಪ್ಪಿನ ಬಗೆಗಿನ ನಮ್ಮ ನಡವಳಿಕೆಯನ್ನು ಬದಲಿಸಬೇಕು. ನೆನಪಿಸಿಕೊಳ್ಳುವ ಅಭ್ಯಾಸಕ್ಕೆ ಅಂಕ ಕೊಡಬಾರದು, ಅದನ್ನು ದಾಖಲೆ ಪುಸ್ತಕಕ್ಕೆ ಏರಿಸಬಾರದು. ಇವತ್ತು ತಡವರಿಸುವುದು ಸಹಜ, ವಾರದ ನಂತರ ನೋಡೋಣ ಎಂದು ಮಕ್ಕಳಿಗೂ ಪೋಷಕರಿಗೂ ಮೊದಲೇ ತಿಳಿಸಬೇಕು. ಬ್ರಿಟನ್ನಿನ ಆ ಅಂಚೆ ನೌಕರರಿಗೆ ತಾವು ಹಿಂದೆ ಬಿದ್ದೆವೆಂದು ಅನ್ನಿಸಿದ್ದು ಒಟ್ಟು ಗಂಟೆಗಳ ಲೆಕ್ಕದಲ್ಲಿ ತಾವೇ ಮುಂದಿದ್ದುದು ಅವರಿಗೆ ಕಾಣದ ಕಾರಣ. ಮಗುವಿಗೆ ತನ್ನ ಬೆಳವಣಿಗೆ ಕಾಣುವಂತೆ ಮಾಡುವುದು ದೊಡ್ಡವರ ಹೊಣೆ. ಹಿಂದುಳಿದ ಮಗುವಿಗೆ ನಿಜವಾದ ಅನ್ಯಾಯವಾಗುವುದು ಅಭ್ಯಾಸದಲ್ಲಿ ಎಲ್ಲವೂ ಬರುತ್ತದೆ ಎಂಬ ಭರವಸೆ ಹುಟ್ಟಿಸಿ, ಪರೀಕ್ಷೆಯ ದಿನ ಏನೂ ಬಾರದ ಸ್ಥಿತಿಗೆ ಅದನ್ನು ದೂಡಿದಾಗ. ಶ್ರಮಪಟ್ಟ ಮಗು ತನಗೆ ತಲೆಯೇ ಇಲ್ಲವೆಂದು ನಂಬಿಕೊಳ್ಳುವುದು ಆಗಲೇ.

ಕೊನೆಯದು ಸಮಯದ ಆಕ್ಷೇಪ. ಪಠ್ಯ ಮುಗಿಸಬೇಕು, ಕ್ರೀಡಾಕೂಟಗಳು ಬೆನ್ನಟ್ಟಿ ಬರುತ್ತವೆ, ಒಂದು ತರಗತಿಯಲ್ಲಿ ಅರವತ್ತು ಮಕ್ಕಳು, ಮೈದಾನವಿರುವುದು ಒಂದೇ. ಆದರೆ ಇಲ್ಲಿ ಹೇಳುತ್ತಿರುವ ಯಾವುದಕ್ಕೂ ಹೊಸ ಸಾಮಗ್ರಿ ಬೇಡ, ಹೊಸ ಪಠ್ಯಪುಸ್ತಕ ಬೇಡ. ಇರುವ ಲೆಕ್ಕಗಳನ್ನೇ ಬೇರೆ ರೀತಿಯಲ್ಲಿ ಹಂಚಿದರಾಯಿತು. ಇವತ್ತಿನ ಅಧ್ಯಾಯದ ಹತ್ತು ಲೆಕ್ಕಗಳಲ್ಲಿ ನಾಲ್ಕನ್ನು ಇವತ್ತು ಮಾಡಿಸಿ, ಉಳಿದ ಆರನ್ನು ಮುಂದಿನ ವಾರಗಳಿಗೆ ಇಟ್ಟು, ಅವುಗಳ ಜಾಗದಲ್ಲಿ ಹಿಂದಿನ ಅಧ್ಯಾಯಗಳಿಂದ ಒಂದೊಂದನ್ನು ತರಬಹುದು. ಪಾಠ ಶುರುವಾಗುವಾಗ ಪುಸ್ತಕ ಮುಚ್ಚಿಸಿ ನಿನ್ನೆಯದು, ಹಿಂದಿನ ವಾರದ್ದು, ಹಿಂದಿನ ತಿಂಗಳದ್ದು ಎಂದು ಮೂರು ಪ್ರಶ್ನೆ ಕೇಳಿ ಎಲ್ಲರಿಂದಲೂ ಬರೆಸಬಹುದು. ಮೈದಾನದಲ್ಲಿ ಒಂದೇ ಸರ್ವ್ ಅನ್ನು ಐವತ್ತು ಸಲ ಮಾಡಿಸುವ ಬದಲು, ಎದುರು ಅಂಕಣದಲ್ಲಿ ಯಾವ ಜಾಗ ಬರಿದಾಗಿದೆ ಎಂದು ನೋಡಿ ಅಲ್ಲಿಗೆ ಸರ್ವ್ ಮಾಡಲು ಹೇಳಬಹುದು. ಒಬ್ಬಳು ಸರ್ವ್ ಮಾಡಿದ ಮೇಲೆ ತಿದ್ದುವ ಮೊದಲು, ಚೆಂಡು ಏಕೆ ನೆಟ್‌ಗೆ ಬಡಿಯಿತೆಂದು ಅವಳನ್ನೇ ಕೇಳಬಹುದು. ಬೆರೆಸಿದ ಲೆಕ್ಕಗಳಿಗೆ ಕೊಂಚ ಹೆಚ್ಚು ಹೊತ್ತು ಹಿಡಿಯಬಹುದು. ಪರೀಕ್ಷೆಗೆ ಮೊದಲು ಇಡೀ ಪಠ್ಯವನ್ನು ಹೊಸದಾಗಿ ಹೇಳಿಕೊಡುವುದರಲ್ಲಿ ಈಗ ಕಳೆದುಹೋಗುವ ವಾರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಹೊತ್ತು ನಷ್ಟವಲ್ಲ.

ಇದಕ್ಕೆಲ್ಲ ಒಬ್ಬೊಬ್ಬ ಶಿಕ್ಷಕರ ಉತ್ಸಾಹವೊಂದೇ ಸಾಲದು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ನಡೆಸುವ ಶಿಬಿರಗಳಲ್ಲಿ ದೈಹಿಕ ಶಿಕ್ಷಕರೂ ವಿಷಯ ಶಿಕ್ಷಕರೂ ಒಂದು ದಿನವಾದರೂ ಒಟ್ಟಿಗೆ ಕೂರಬೇಕು. ಪಂದ್ಯದ ಒತ್ತಡದಲ್ಲಿ ಏನು ಉಳಿಯಿತು, ಏನು ಜಾರಿತು ಎಂಬುದು ಬಯಲಿನವರಿಗೆ ಪ್ರತಿ ಶನಿವಾರ ಕಣ್ಣಿಗೆ ಕಾಣುತ್ತದೆ. ಸಂಗತಿಯನ್ನು ಬಿಡಿಸಿ, ಹಂತ ಹಂತವಾಗಿ ವಿವರಿಸುವ ಕಲೆ ತರಗತಿಯವರಿಗೆ ಸಿದ್ಧಿಸಿರುತ್ತದೆ. ಇಬ್ಬರ ಅನುಭವವೂ ಸೇರಿದರೆ ಇಬ್ಬರ ಮಕ್ಕಳಿಗೂ ಲಾಭ. ಶಾಲೆಗೆ ಭೇಟಿ ಕೊಡುವ ಅಧಿಕಾರಿಗಳೂ ತರಗತಿ ಎಷ್ಟು ಸಲೀಸಾಗಿ ಉತ್ತರಿಸಿತು ಎಂಬುದನ್ನಷ್ಟೇ ಬರೆದುಕೊಂಡು ಹೋಗದೆ, ಹಿಂದಿನ ತಿಂಗಳ ಪಾಠದಿಂದ ಒಂದು ಪ್ರಶ್ನೆ ಕೇಳಿ ನೋಡಬೇಕು. ಯಾವುದನ್ನು ಅಳೆಯುತ್ತೇವೋ ಶಿಕ್ಷಕರು ಅದನ್ನೇ ಬೆಳೆಸುತ್ತಾರೆ.

ಶಿಕ್ಷಕ ಬಂಧುಗಳಲ್ಲಿ, ತರಬೇತುದಾರ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ನೀವು ಈಗ ಮಾಡಿಸುತ್ತಿರುವ ಅಭ್ಯಾಸವನ್ನು ನನ್ನ ಮಾತು ಕೇಳಿ ಬದಲಿಸಬೇಡಿ, ಪರೀಕ್ಷಿಸಿ ನೋಡಿ ಬದಲಿಸಿ. ನಿಮ್ಮ ಮಕ್ಕಳು ಚೆನ್ನಾಗಿ ಕಲಿತರೆಂದು ನಿಮಗೆ ಖಾತ್ರಿಯಿರುವ ಒಂದು ಪಾಠವನ್ನೋ ಒಂದು ಹೊಡೆತವನ್ನೋ ಆರಿಸಿಕೊಳ್ಳಿ. ಎರಡು ವಾರ ಬಿಟ್ಟು, ಮುನ್ಸೂಚನೆಯಿಲ್ಲದೆ, ಬೇರೆ ವಿಷಯಗಳ ನಡುವೆ ಬೆರೆಸಿ ಅದನ್ನು ಕೇಳಿ. ಉಳಿದಿದ್ದರೆ ನಿಮ್ಮ ಕ್ರಮ ಸರಿಯಿದೆ, ಅದನ್ನು ಇತರರಿಗೂ ಹೇಳಿಕೊಡಿ. ಉಳಿದಿಲ್ಲವಾದರೆ ಮಕ್ಕಳನ್ನು ದೂರಬೇಡಿ, ಅಭ್ಯಾಸದ ಜೋಡಣೆಯನ್ನು ಬದಲಿಸಿ ಮತ್ತೆ ಎರಡು ವಾರ ಕಾಯಿರಿ. ಮಕ್ಕಳು ನಮ್ಮನ್ನು ನಂಬಿ ತಮ್ಮ ಬೆಳಗು ಬೈಗುಗಳನ್ನು, ಬೆವರನ್ನು ಕೊಡುತ್ತಿದ್ದಾರೆ. ಆ ಶ್ರಮ ಅವರಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಕಲಿಸುವವರೆಲ್ಲರ ಋಣ.